ಅಪ್‌ಡೇಟ್: ಮಂಗಳೂರಿನ ಮಳೆಗಾಲದಲ್ಲಿ ಪಿವಿಸಿ, ರೆಸಿನ್ ಫಿಗರ್‌ಗಳು

ಟೆರೇಸ್ ಕೆಳಗಿನ ಅಟ್ಟದಲ್ಲಿ ಫಿಗರ್ (ಸಂಗ್ರಹಿಸಿಡುವ ಪುಟ್ಟ ಗೊಂಬೆ) ಇಡಬಹುದೇ, ಪಿವಿಸಿ ಪ್ಲಾಸ್ಟಿಕ್ ಯಾಕೆ ಅಂಟಂಟಾಗುತ್ತದೆ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ಅಟ್ಟ ಬೇಡವೇ ಬೇಡ. ಏಪ್ರಿಲ್, ಮೇ ಸೆಕೆಗೆ ಸ್ಲ್ಯಾಬ್ ಕಾದು ಪಿವಿಸಿ ಮೆತ್ತಗಾಗುತ್ತದೆ. ಒಂಟಿಕಾಲಲ್ಲಿ ನಿಂತವು ಪಾದದ ಗಂಟಿನಲ್ಲೇ ಬಾಗುತ್ತವೆ. ಈಗ ಎಲ್ಲವೂ ಕೆಳಗಿನ ಕೋಣೆಯ ಗಾಜಿನ ಕಪಾಟಿನಲ್ಲಿವೆ. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ತಾಗಿಸಿಲ್ಲ, ಹಿಂದೆ ನಾಲ್ಕು ಇಂಚು ಜಾಗ ಬಿಟ್ಟಿದ್ದೇನೆ.

ಅಂಟು ಬರುವುದು ಒಳಗಿನ ಪ್ಲಾಸ್ಟಿಸೈಸರ್ (ಪಿವಿಸಿ ಮೆತ್ತಗಿರಲು ಬೆರೆಸುವ ಎಣ್ಣೆಯಂಥ ವಸ್ತು) ಮೇಲಕ್ಕೆ ಒಸರುವುದರಿಂದ. ಬಿಸಿ ಹೆಚ್ಚಿದಷ್ಟೂ, ಗಾಳಿಯಾಡದಷ್ಟೂ ಜಾಸ್ತಿ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬ್ರಶ್‌ನಲ್ಲಿ ಉಜ್ಜಿ, ಫ್ಯಾನ್ ಕೆಳಗೆ ಒಣಗಿಸಿದರೆ ಹೋಗುತ್ತದೆ. ಥಿನ್ನರ್ ಮುಟ್ಟಿಸಬೇಡಿ, ಬಣ್ಣವೇ ಎದ್ದು ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಸಿಲಿಕಾ ಜೆಲ್ (ತೇವ ಹೀರುವ ಹರಳು) ಸಾಲದು. ಬಾಗಿಲಿನ ಸಂದಿಯಿಂದಲೇ ತೇವ ನುಗ್ಗಿ ಕಿತ್ತಳೆ ಹರಳು ಬೇಗ ಹಸಿರಾಗುತ್ತದೆ. 120 ಡಿಗ್ರಿ ಓವನ್‌ನಲ್ಲಿ ಎರಡು ತಾಸು ಇಟ್ಟರೆ ಮತ್ತೆ ಕಿತ್ತಳೆ. ಜೊತೆಗೆ ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಓಡಿಸಿ. ತೇವಾಂಶ ಅಳೆಯುವ ಹೈಗ್ರೋಮೀಟರ್ ಶೇ. 50ರಿಂದ 55 ತೋರಿಸಿದರೆ ಸಾಕು. ಬೂಸು ಮೊದಲು ಹಿಡಿಯುವುದು ರಟ್ಟಿನ ಪೆಟ್ಟಿಗೆಗೆ, ಅದನ್ನು ಬೇರೆಯೇ ಇಡಿ. ನುಸಿಗುಳಿಗೆ ಮಾತ್ರ ಹತ್ತಿರಕ್ಕೂ ತರಬೇಡಿ: ಅದರ ಆವಿ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಮೆತ್ತಗೆ ಮಾಡುತ್ತದೆ.