ಮನೆ ಕಂಪ್ಯೂಟರನ್ನು ತಂದ ದಿನದ ಸ್ಥಿತಿಗೆ ತರೋದು ಹೇಗೆ? ಎಫ್ 11 ಒತ್ತಿದರೆ ಏನೂ ಬರ್ತಿಲ್ಲ

ಹಳೇಪೆಟ್ಟಿಗೆ:
ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಏಳು ವರ್ಷ ಆಯಿತು. ವಿಂಡೋಸ್ 10 ಇದೆ. ಆನ್ ಮಾಡಿ, ಹೋಗಿ ಮುಖ ತೊಳೆದುಕೊಂಡು ಬಂದರೂ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಇದನ್ನು ತಂಗಿ ಮಗನಿಗೆ ಕೊಡೋಣ ಅಂತಿದ್ದೇನೆ, ಅದಕ್ಕೆ ಮೊದಲು ಹೊಸದಾಗಿ ತಂದ ದಿನ ಹೇಗಿತ್ತೋ ಹಾಗೆ ಮಾಡಬೇಕು. ಜೊತೆಗೆ ಬಂದ ಪುಸ್ತಕದಲ್ಲಿ ಆನ್ ಆಗುವಾಗ ಎಫ್ 11 ಒತ್ತಿ ಅಂತ ಇದೆ. ಹತ್ತು ಸಲ ಒತ್ತಿ ನೋಡಿದೆ, ಸೀದಾ ವಿಂಡೋಸ್‌ಗೇ ಹೋಗುತ್ತದೆ. ಡಿ ಡ್ರೈವ್‌ನಲ್ಲಿ ಮಕ್ಕಳ ಫೋಟೋಗಳಿವೆ, ಅವು ಹೋಗಬಾರದು. ಆಮೇಲೆ ವಿಂಡೋಸ್‌ನ ಲೈಸೆನ್ಸ್ ಕೀ ಕೇಳಿದರೆ ಏನು ಹಾಕೋದು? ಡಬ್ಬದ ಮೇಲೆ ಸ್ಟಿಕ್ಕರ್ ಕೂಡ ಇಲ್ಲ.

ಕೀಲಿಮಣೆ:
ನಡುವೆ ಯಾವಾಗಲಾದರೂ ಫಾರ್ಮ್ಯಾಟ್ ಮಾಡಿಸಿದ್ರಾ?

ಹಳೇಪೆಟ್ಟಿಗೆ:
ಹೌದು, ಮೂರು ವರ್ಷದ ಹಿಂದೆ. ವೈರಸ್ ಬಂದಿದೆ ಅಂತ ರಿಪೇರಿಯವರು ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಟ್ಟರು.

ಕೀಲಿಮಣೆ:
ಹಾಗಾದರೆ ಅಲ್ಲೇ ಹೋಗಿದೆ. ಕಂಪನಿಯವರು ಹಾರ್ಡ್ ಡಿಸ್ಕ್‌ನ ಒಂದು ಮೂಲೆಯಲ್ಲಿ ರಿಕವರಿ ಪಾರ್ಟಿಷನ್ ಅಂತ ಬೇರೆ ಜಾಗ ಇಟ್ಟಿರುತ್ತಾರೆ, ಎಫ್ 11 ಹುಡುಕೋದು ಅದನ್ನೇ. ಎಲ್ಲ ಪಾರ್ಟಿಷನ್ ಅಳಿಸಿ ವಿಂಡೋಸ್ ಹಾಕಿದಾಗ ಅದೂ ಹೋಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿ, ರಿಕವರಿ ಅಂತ 500 ಎಂಬಿ ಆಸುಪಾಸಿನದು ಕಂಡರೆ ಅದು ವಿಂಡೋಸ್‌ನ ಸ್ವಂತ ರಿಪೇರಿ ಸಾಮಾನು, ಕಂಪನಿಯದಲ್ಲ. ಕಂಪನಿಯದಾದರೆ ಹತ್ತು ಹದಿನೈದು ಜಿಬಿ ಇರುತ್ತದೆ.

ಬೇಜಾರು ಮಾಡ್ಕೋಬೇಡಿ. ಅದು ಸಿಕ್ಕಿದ್ದರೂ ಬರುತ್ತಿದ್ದದ್ದು ಏಳು ವರ್ಷದ ಹಿಂದಿನ ವಿಂಡೋಸ್, ಜೊತೆಗೆ 30 ದಿನದ ಆಂಟಿವೈರಸ್, ಯಾರೂ ಮುಟ್ಟದ ನಾಲ್ಕು ಆಟ. ಆಮೇಲೆ ಅಪ್‌ಡೇಟ್ ಹಾಕಿಕೊಂಡು ಅರ್ಧ ದಿನ ಕೂರಬೇಕಿತ್ತು.

ಈಗ ನಿಮಗೆ ಬೇಕಾಗಿರೋದು ವಿಂಡೋಸ್‌ನಲ್ಲೇ ಇದೆ. ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ರಿಕವರಿ, ಅಲ್ಲಿ ರೀಸೆಟ್ ದಿಸ್ ಪಿಸಿ. (11 ಇದ್ದವರಿಗೆ ಸಿಸ್ಟಮ್ ಒಳಗಡೆ ರಿಕವರಿ ಇದೆ.) ಕೀಪ್ ಮೈ ಫೈಲ್ಸ್ ಅಂತ ಕೊಟ್ಟರೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ನಿಮ್ಮ ಫೋಲ್ಡರ್‌ಗಳು ಉಳಿಯುತ್ತವೆ, ನೀವು ಹಾಕಿಕೊಂಡ ಸಾಫ್ಟ್‌ವೇರ್ ಹೋಗುತ್ತದೆ. ಬೇರೆಯವರಿಗೆ ಕೊಡೋದಾದರೆ ರಿಮೂವ್ ಎವೆರಿಥಿಂಗ್ ಆರಿಸಬೇಕು. ಅದರಲ್ಲೂ ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಬೇಡಿ, ಚೇಂಜ್ ಸೆಟ್ಟಿಂಗ್ಸ್ ಅಂತ ಸಣ್ಣದಾಗಿ ಇರುತ್ತದೆ, ಅದನ್ನು ತೆಗೆಯಿರಿ. ಬರೀ ವಿಂಡೋಸ್ ಇರುವ ಡ್ರೈವ್ ಅಳಿಸಬೇಕಾ ಎಲ್ಲ ಡ್ರೈವ್‌ಗಳನ್ನಾ, ಮೇಲ್ಮೇಲೆ ಅಳಿಸಿದರೆ ಸಾಕಾ ಅಥವಾ ಮತ್ತೆ ಹೊರತೆಗೆಯಲು ಕಷ್ಟ ಆಗುವ ಹಾಗೆ ಒರೆಸಬೇಕಾ, ಇದೆಲ್ಲ ಅಲ್ಲೇ ಇದೆ. ಎರಡನೆಯ ಥರ ಒರೆಸೋಕೆ ಹಾರ್ಡ್ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಬಾರದು.

ಕ್ಲೌಡ್ ಡೌನ್‌ಲೋಡ್ ಕೊಟ್ಟರೆ ಇಂಟರ್‌ನೆಟ್‌ನಿಂದ ವಿಂಡೋಸ್ ಹೊಸದಾಗಿ ಸುಮಾರು 4 ಜಿಬಿ ಇಳಿಯುತ್ತದೆ, ಆದರೆ ವಿಂಡೋಸ್‌ನ ಹಳೇ ಫೈಲ್‌ಗಳು ಕೆಟ್ಟಿದ್ದರೂ ಕೆಲಸ ಆಗುತ್ತದೆ. ಕೀ ಚಿಂತೆ ಬಿಡಿ. ಅಸಲಿ ವಿಂಡೋಸ್ ಆಗಿದ್ದರೆ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಇಂಟರ್‌ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಗುತ್ತದೆ.

ಅಂದ ಹಾಗೆ ಒಂದು ಅರ್ಥ ಆಗಲಿಲ್ಲ. ಪೆಟ್ಟಿಗೆ ಕೊಡ್ತಿರೋದು ತಂಗಿ ಮಗನಿಗೆ, ಫೋಟೋ ಉಳಿಯಬೇಕಾಗಿರೋದು ಅದೇ ಪೆಟ್ಟಿಗೆಯ ಡಿ ಡ್ರೈವ್‌ನಲ್ಲಾ?

ಹಳೇಪೆಟ್ಟಿಗೆ:
ಅಯ್ಯೋ, ಇದು ಹೊಳೆದೇ ಇರಲಿಲ್ಲ!

ಸ್ಕ್ರೂಡ್ರೈವರ್:
ಹಾರ್ಡ್ ಡಿಸ್ಕ್ ಅಂದ್ರಲ್ಲ, ಕಾಯಿಲೆ ಅದರದ್ದೇ ಅಂತ ನನ್ನ ಅನುಮಾನ. ತಿರುಗುವ ಡಿಸ್ಕ್ ಮೇಲೆ ವಿಂಡೋಸ್ 10 ಎಷ್ಟು ಸಲ ರೀಸೆಟ್ ಮಾಡಿದರೂ ಎರಡು ವಾರ ಚುರುಕಾಗಿದ್ದು ಮತ್ತೆ ಅದೇ ಕತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಅಂತ ತೋರಿಸುತ್ತಾ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಡಿಸ್ಕ್ ಆರೋಗ್ಯವನ್ನೂ ನೋಡಿ. ಹಳದಿ (ಅಂದರೆ ಎಚ್ಚರಿಕೆ) ಬಂದರೆ ರೀಸೆಟ್ ಆಮೇಲೆ, ಮೊದಲು ಫೋಟೋ ಹೊರಗೆ.

ನಾನಾಗಿದ್ದರೆ ರೀಸೆಟ್ಟೇ ಮಾಡುತ್ತಿರಲಿಲ್ಲ. ಹಳೇ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಅದರ ಜಾಗಕ್ಕೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕಿ, 8 ಜಿಬಿ ಪೆನ್ ಡ್ರೈವ್‌ನಲ್ಲಿ ವಿಂಡೋಸ್ ತಯಾರು ಮಾಡಿಕೊಂಡು ಹೊಸದಾಗಿ ಹಾಕಿ (ಪೆನ್ ಡ್ರೈವ್‌ನಲ್ಲಿ ಇರೋದೆಲ್ಲ ಅಳಿಸಿ ಹೋಗುತ್ತದೆ, ನೆನಪಿರಲಿ). ಮದರ್‌ಬೋರ್ಡ್ ಬದಲಾಗಲ್ಲ, ಹಾಗಾಗಿ ಲೈಸೆನ್ಸ್‌ಗೂ ತೊಂದರೆ ಇಲ್ಲ. 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹುಡುಗನಿಗೆ ಕೊಡೋದಾದರೆ 11 ಹಿಡಿಸುತ್ತಾ ನೋಡಿ. ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಆಮೇಲಿನದು ಇರಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಕಂಪ್ಯೂಟರ್‌ನಲ್ಲಿ ಬೇಕು. ಟಿಪಿಎಂ ಎಷ್ಟೋ ಸಲ ಇದ್ದೂ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋಕೆ ಮೊದಲಿನ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿರುತ್ತದೆ.

ಅರ್ಧರಾತ್ರಿ:
ಇದನ್ನು ಓದುವ ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಕೈ ಹಾಕೋ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಆನ್ ಇದೆಯಾ ನೋಡಿ. ನಾನು ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಮಾಡಿ, ಆ ನೀಲಿ ಪರದೆಯಿಂದ ರೀಸೆಟ್ ಮಾಡೋಕೆ ಹೋದೆ, 48 ಅಂಕಿಯ ರಿಕವರಿ ಕೀ ಕೇಳಿತು. ನಾನು ಅದನ್ನು ಆನ್ ಮಾಡಿದ್ದೇ ನೆನಪಿಲ್ಲ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ತಾನೇ ಆನ್ ಆಗಿತ್ತು. ಕೀ ಅದೇ ಅಕೌಂಟ್‌ನಲ್ಲಿ ಇತ್ತು, ಫೋನ್‌ನಲ್ಲಿ ತೆಗೆದು ನೋಡಿ ಹಾಕಿದೆ. ಆದರೆ ಅಕೌಂಟ್‌ನ ಪಾಸ್‌ವರ್ಡ್ ನೆನಪಾಗೋಕೆ ರಾತ್ರಿ ಎರಡು ಗಂಟೆ ಆಯಿತು.

ಹಳೇಪೆಟ್ಟಿಗೆ:
ಎಲ್ಲರಿಗೂ ಥ್ಯಾಂಕ್ಸ್. ಡಿಸ್ಕ್ ನೋಡಿದೆ, ಹಳದಿನೇ. ಫೋಟೋ ಎಲ್ಲ ಎರಡು ಕಡೆ ಕಾಪಿ ಮಾಡಿದೆ, ನಡುವೆ ಮೂರು ಫೋಲ್ಡರ್ ಓದಲೇ ಇಲ್ಲ, ಮಾರನೇ ದಿನ ಮತ್ತೆ ಪ್ರಯತ್ನ ಪಟ್ಟಾಗ ಬಂದವು. ರೀಸೆಟ್ ಒತ್ತಿದ್ದಿದ್ದರೆ ಏನಾಗುತ್ತಿತ್ತೋ.

ಟಿಪಿಎಂ ಆಫ್ ಆಗಿತ್ತು, ಆನ್ ಮಾಡಿ ಎಸ್‌ಎಸ್‌ಡಿಗೆ 11 ಹಾಕಿದೆ. ಕೀ ಕೇಳಿದಾಗ ನನ್ನ ಹತ್ತಿರ ಇಲ್ಲ ಅನ್ನೋದನ್ನು ಒತ್ತಿದೆ, ಮೊದಲು ಇದ್ದ ಹೋಮ್ ಎಡಿಷನ್ನೇ ಆರಿಸಿದೆ, ವೈಫೈ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಯಿತು. ಈಗ ಮುಖ ತೊಳೆಯೋಕೆ ಎದ್ದು ಹೋಗುವಷ್ಟು ಟೈಮೇ ಸಿಗಲ್ಲ. ಕೊಡೋದಾ ಬೇಡವಾ ಅಂತ ಮನೆಯಲ್ಲಿ ಮತ್ತೆ ಮಾತು ಶುರುವಾಗಿದೆ.