ಸೋದರಮಾವನ ಊರಿಗೆ ಬಂದ ವಾಸ್ತುಶಿಲ್ಪಿ

ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವನ್ನು ರೂಪಿಸಿದವರು ಜರ್ಮನಿಯಿಂದ ಬಂದವರೆಂದು ಮೇಷ್ಟ್ರು ಹೇಳಿದೊಡನೆ ವಕೀಲರು ತಕರಾರು ಎತ್ತಿದರು.

"ಜರ್ಮನಿಯವರಿಗೆ ಬಸವನಗುಡಿಯಲ್ಲೇನು ಕೆಲಸ?"

"ಒಟ್ಟೊ ಕ್ಯೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ಅವರಿಗೆ ವಾಸ್ತುಶಿಲ್ಪದ ಷಿಂಕೆಲ್ ಪ್ರಶಸ್ತಿ ಬಂತು, ಅದೇ ವರ್ಷ ಹಿಟ್ಲರನೂ ಬಂದ. ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿ, ಅಲ್ಲಿನ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು."

"ಪಿರಮಿಡ್ಡುಗಳನ್ನು ಕಂಡು ಬಂದವರಿಗೆ ಸರ್ಕಾರಿ ಕಾಮಗಾರಿಯ ನಿಧಾನ ಹೊಸದೆನಿಸಿರಲಾರದು," ಎಂದರು ನಿವೃತ್ತ ಇಂಜಿನಿಯರರು, ಅನುಭವಸ್ಥರ ಧ್ವನಿಯಲ್ಲಿ.

"ಇದರಲ್ಲಿ ಶಿಫಾರಸು ಏನಾದರೂ ಇತ್ತೆ?" ವಕೀಲರು ಬಿಡುವವರಲ್ಲ.

"ಕ್ವಾಂಟಂ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಈ ಒಟ್ಟೊ ಅವರಿಗೆ ಸೋದರಮಾವ. ರಾಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಬಾರ್ನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಿದ್ದರು."

"ಹಾಗೆ ಹೇಳಿ! ಕ್ವಾಂಟಂ ಆದರೇನು, ಸೋದರಮಾವ ಸೋದರಮಾವನೇ."

"ಸೋದರಮಾವ ಕಟ್ಟಡ ಕಟ್ಟಿಕೊಡುವುದಿಲ್ಲ ಸ್ವಾಮಿ," ಎಂದು ಇಂಜಿನಿಯರರು ಕೊಂಚ ಬಿಸಿಯಾದರು. "ಅಲಂಕಾರಪ್ರಿಯರಾದ ದಿವಾನ್ ಮಿರ್ಜಾ ಇಸ್ಮಾಯಿಲ್ ಒಂದು ಕಡೆ, ಅನಗತ್ಯವಾದ ಒಂದು ಗೆರೆಯೂ ಬೇಡವೆನ್ನುವ ಆಧುನಿಕ ಪಂಥದ ಈತ ಇನ್ನೊಂದು ಕಡೆ, ಹೀಗಿದ್ದೂ ನೌಕರಿ ಉಳಿಯಿತೆಂದರೆ ಅದು ಪಿಂಚಣಿದಾರರಷ್ಟೇ ಅರಿಯಬಲ್ಲ ಸಾಧನೆ. ವಿಜ್ಞಾನ ಸಂಸ್ಥೆಯಲ್ಲಿ ಅವರು ವಿನ್ಯಾಸ ಮಾಡಿದ ವೈಮಾನಿಕ ವಿಭಾಗವನ್ನೂ ಊಟದ ಸಭಾಂಗಣವನ್ನೂ ಹೋಗಿ ನೋಡಿ. ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆ, ಗಾಳಿ ಯಾವ ಕಡೆ ಹೊರಟುಹೋಗಬೇಕು ಎಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಗೋಡೆಯ ಮಾತು ಎತ್ತುತ್ತಿದ್ದವರು ಅವರು. ನಾವೀಗ ಊರ ತುಂಬ ಗಾಜು ಹೊದಿಸಿ, ಒಳಗೆ ಏಸಿ ಹಾಕಿ, ಮೇಲೊಂದು ಸ್ವೆಟರ್ ತೊಟ್ಟು ಕೂರುತ್ತೇವೆ."

ಮೇಷ್ಟ್ರು ಮುಂದಿನ ಕಥೆಯನ್ನು ಚುಟುಕಾಗಿ ಮುಗಿಸಿದರು. 1948ರಲ್ಲಿ ಭುವನೇಶ್ವರದ ನಗರ ಯೋಜನೆ, ಬಳಿಕ ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರ ಹುದ್ದೆ. ದೇಶವಿಭಜನೆಯ ನಿರಾಶ್ರಿತರಿಗಾಗಿ, ಸ್ವತಃ ನಿರಾಶ್ರಿತರಾಗಿದ್ದ ಅವರು, ಮನೆಯ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿದರು. ಹಲಗೆಗಳು ಬಿರುಕು ಬಿಟ್ಟವು, ಸಂಸತ್ತು ಗದ್ದಲ ಮಾಡಿತು. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು.

"ಅಲ್ಲೇನು ಮಾಡಿದರು?"

"ಉಷ್ಣವಲಯದ ಕಟ್ಟಡಗಳನ್ನು ಕಟ್ಟುವುದು ಹೇಗೆಂದು ಪಾಠ ಹೇಳಿದರು."

"ಲಂಡನ್ನಿನಲ್ಲಿ? ಆ ಚಳಿಯಲ್ಲಿ?" ವಕೀಲರು ಹಣೆಯ ಬೆವರು ಒರೆಸಿಕೊಂಡರು. "ಆ ಪಾಠಕ್ಕೆ ಸೇರಬೇಕಾಗಿದ್ದವರು ನಮ್ಮ ಮನೆ ಕಟ್ಟಿದ ಗುತ್ತಿಗೆದಾರರು."