ಸಹಾಯ ಬೇಕು: ಮಾರ್ಮೋಟ್ ಸವಾರಿಗೆ ತಯಾರಿ ಹೇಗೆ?

ನಮಸ್ಕಾರ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ನಡೆಯುವ ಮಾರ್ಮೋಟ್ ಸೈಕಲ್ ಸವಾರಿಗೆ ಹೆಸರು ಕೊಟ್ಟಿದ್ದೇನೆ. ಸುಮಾರು 175 ಕಿ.ಮೀ. ದಾರಿ, ಒಟ್ಟು ಏರು ಹತ್ತಿರ ಹತ್ತಿರ 5,000 ಮೀಟರ್. 2,642 ಮೀಟರ್ ಎತ್ತರದ ಗಾಲಿಬಿಯೇ ಕಣಿವೆದಾರಿ ದಾಟಿ ಕಾಲು ಸೋತಿರುವಾಗ ಕೊನೆಗೆ ಆಲ್ಪ್ ದುಯೇಜ್ ಊರಿಗೆ ಹತ್ತುವ ರಸ್ತೆಯ 21 ತಿರುವು. ಇದನ್ನು ಯಾರು ಯೋಚಿಸಿದರೋ!

ಸಪಾಟು ರಸ್ತೆಯಲ್ಲಿ ಐದು ಗಂಟೆ ತುಳಿಯುತ್ತೇನೆ. ಏರಿನದೇ ಚಿಂತೆ. ನನಗೆ ಸಿಗುವುದು ಬರೀ ಎರಡು ಕಿಲೋಮೀಟರಿನ ದಿಬ್ಬ. ಮೊನ್ನೆ ಎಂಟು ಸಲ ಹತ್ತಿದೆ. ಕೊನೇ ಸಲ ತೊಡೆ ಹಿಡಿದುಕೊಂಡು, ಹ್ಯಾಂಡಲ್ ಮೇಲೆ ಒರಗಿ ನಿಂತುಬಿಟ್ಟೆ. ನೀರಿನ ಬಾಟಲಿ ಇನ್ನೂ ಅರ್ಧ ತುಂಬಿತ್ತು. ನೀರು ಸರಿಯಾಗಿ ಕುಡಿಯದ ತಪ್ಪು ನನ್ನದೇ ಅಲ್ವಾ?

ಈಗ ಗೇರು ಮುಂದೆ 34, ಹಿಂದೆ 28 ಹಲ್ಲು. ಹಿಂದಿನದನ್ನು 34 ಮಾಡಿದರೆ ಸಾಕಾ? ಒಂದು ಗಂಟೆ ಬಿಡದೆ ಏರುವ ದಮ್ಮು ಈ ದಿಬ್ಬದಲ್ಲೇ ಬರುತ್ತಾ, ಮನೆಯೊಳಗೇ ಸೈಕಲ್ ತುಳಿಯುವ ಟ್ರೈನರ್ ಯಂತ್ರದ ಮೇಲೂ ಕೂರಬೇಕಾ? ಉದ್ದದ ಏರು ಹತ್ತಿದವರು ದಯವಿಟ್ಟು ಹೇಳಿ.